ಪೇಸ್‌ಮೇಕರ್ ಲೀಡ್ ಎಂದರೇನು?

ಪೇಸ್‌ಮೇಕರ್ ಪೆಟ್ಟಿಗೆಯಿಂದ ಹೊರಟು ಅಭಿಧಮನಿಯೊಳಗೇ ಸಾಗಿ ಹೃದಯದ ಬಲಭಾಗವನ್ನು ಮುಟ್ಟುವ ತೆಳು ತಂತಿಗೆ ಲೀಡ್ ಎನ್ನುತ್ತಾರೆ. ಹೃದಯದ ಸ್ವಂತ ಬಡಿತದ ಸುಳಿವನ್ನು ಪೆಟ್ಟಿಗೆಗೆ ತಲುಪಿಸುವುದೂ ಬಡಿತ ತಪ್ಪಿದಾಗ ಪೆಟ್ಟಿಗೆಯ ವಿದ್ಯುತ್ ಮಿಡಿತವನ್ನು ಹೃದಯಕ್ಕೆ ಮುಟ್ಟಿಸುವುದೂ ಇದೇ. ಮೊದಮೊದಲು ಎದೆ ತೆರೆದು ಹೃದಯದ ಮೇಲೆಯೇ ತಂತಿ ಹೊಲಿಯುತ್ತಿದ್ದರು. ಅಭಿಧಮನಿಯ ದಾರಿಯನ್ನು 1958ರಲ್ಲಿ ನ್ಯೂಯಾರ್ಕಿನ ವೈದ್ಯ ಸೀಮೋರ್ ಫರ್ಮನ್ ತೋರಿಸಿಕೊಟ್ಟರು.

ಬ್ಯಾಟರಿ ಮುಗಿದರೆ ಪೆಟ್ಟಿಗೆಯನ್ನು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಬದಲಿಸಬಹುದು. ಲೀಡ್ ಹಾಗಲ್ಲ. ವರ್ಷ ಕಳೆದಂತೆ ಅದರ ಸುತ್ತ ಅಂಗಾಂಶ ಬೆಳೆದು ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಕಿತ್ತು ತೆಗೆಯುವುದು ಅಪಾಯದ ಕೆಲಸ. ಹೀಗಾಗಿ ನನ್ನ ಮಟ್ಟಿಗೆ ಇಡೀ ಸಾಧನದಲ್ಲಿ ಅತಿ ಕಷ್ಟದ ವಿನ್ಯಾಸ ಲೀಡಿನದೇ.

ದಿನಕ್ಕೆ ಸುಮಾರು 1 ಲಕ್ಷ ಸಲ ಬಾಗಬೇಕಾದ ತಂತಿ ನೆಟ್ಟಗಿದ್ದರೆ ಬೇಗ ಮುರಿಯುತ್ತದೆ. ಅದಕ್ಕೇ ನಿಕಲ್, ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಮಿಶ್ರಲೋಹದ ಎಳೆಗಳನ್ನು ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಸುರುಳಿ ಸುತ್ತುತ್ತಾರೆ. ಹಾಗಿದ್ದೂ ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿ ಜಜ್ಜಿಹೋಗುವ ಲೀಡುಗಳುಂಟು. ಹೊದಿಕೆಯಲ್ಲೂ ರಾಜಿಯೇ: ಸಿಲಿಕೋನ್ ದೇಹದೊಳಗೆ ಬಾಳುತ್ತದೆ, ಆದರೆ ಉಜ್ಜಿದರೆ ಸವೆಯುತ್ತದೆ. ಪಾಲಿಯುರೆಥೇನ್ ತೆಳ್ಳಗೂ ಗಟ್ಟಿಯೂ ಹೌದು, ಆದರೆ ಅದರ ಮೊದಲ ಬಗೆಗಳಲ್ಲಿ ಕೆಲವು ದೇಹದೊಳಗೇ ಬಿರುಕು ಬಿಟ್ಟವು.

ನಿಜವಾದ ಜಾಣ್ಮೆ ಇರುವುದು ತುದಿಯ ಎಲೆಕ್ಟ್ರೋಡಿನಲ್ಲಿ, ಅಂದರೆ ಹೃದಯವನ್ನು ಮುಟ್ಟಿ ಮಿಡಿತ ದಾಟಿಸುವ ಲೋಹದ ತುಣುಕಿನಲ್ಲಿ. ಅದು ಕಿರಿದಾದಷ್ಟೂ ಅದೇ ವೋಲ್ಟೇಜಿಗೆ ಹರಿಯುವ ಕರೆಂಟ್ ಕಡಿಮೆ, ಬ್ಯಾಟರಿಯ ಬಾಳಿಕೆ ಹೆಚ್ಚು. ಆದರೆ ಕಿರಿದಾದ ನುಣುಪು ಲೋಹದ ಮೇಲೆ ಪ್ರತಿ ಮಿಡಿತದ ನಂತರ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಜಮೆಯಾಗುತ್ತವೆ. ಇದೇ ಧ್ರುವೀಕರಣ. ಇದರಿಂದ ಶಕ್ತಿ ಪೋಲಾಗುತ್ತದೆ, ಹೃದಯದ ಸಂಕೇತವೂ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಗಾತ್ರ ಚಿಕ್ಕದಿರಬೇಕು, ಮೇಲ್ಮೈ ದೊಡ್ಡದಿರಬೇಕು! ಪ್ಲಾಟಿನಂ-ಇರಿಡಿಯಂ ತುದಿಗೆ ಟೈಟಾನಿಯಂ ನೈಟ್ರೈಡ್‌ನಂಥ ಒರಟು ಲೇಪನ ಕೊಟ್ಟು ಎರಡನ್ನೂ ಸಾಧಿಸುತ್ತಾರೆ. ಬರಿಗಣ್ಣಿಗೆ ಕೆಲವೇ ಚದರ ಮಿಲಿಮೀಟರ್ ಕಾಣುವ ತುದಿ ಸೂಕ್ಷ್ಮದರ್ಶಕದಡಿ ಗುಡ್ಡ-ಕಣಿವೆಗಳ ನಾಡು.

ಇನ್ನು ದೇಹದ ಪ್ರತಿಕ್ರಿಯೆ. ತುದಿ ಊರಿದ ಜಾಗದಲ್ಲಿ ಉರಿಯೂತವಾಗಿ ಗಾಯದ ಅಂಗಾಂಶ ಕಟ್ಟಿಕೊಂಡರೆ ಹೃದಯವನ್ನು ಮಿಡಿಸಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಮೊದಲ ಕೆಲವು ವಾರಗಳಲ್ಲೇ ಈ ಕಾಟ ಹೆಚ್ಚು. ಅದನ್ನು ತಗ್ಗಿಸಲು ತುದಿಯಲ್ಲೇ ಚೂರು ಡೆಕ್ಸಾಮೆಥಸೋನ್ ಸ್ಟೀರಾಯ್ಡ್ ಇಟ್ಟಿರುತ್ತಾರೆ, ಅದು ನಿಧಾನವಾಗಿ ಒಸರುತ್ತದೆ.

2016ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಕೊಟ್ಟ ಮೈಕ್ರಾ ಎಂಬ ಪುಟ್ಟ ಪೇಸ್‌ಮೇಕರಿನಲ್ಲಿ ಲೀಡೇ ಇಲ್ಲ, ಇಡೀ ಪೇಸ್‌ಮೇಕರ್ ಹೃದಯದ ಬಲ ಹೃತ್ಕುಕ್ಷಿಯೊಳಗೆ ಕೂರುತ್ತದೆ. ಸ್ಟೀರಾಯ್ಡ್ ಒಸರುವ ಎಲೆಕ್ಟ್ರೋಡ್ ಮಾತ್ರ ಅಲ್ಲೂ ಇದೆ.