ಎಡಕ್ಕೆ ಗುರಿಯಿಟ್ಟರೂ ಚೆಂಡು ಬಲಕ್ಕೇ ಏಕೆ ಬಾಗುತ್ತದೆ?

‘ಗಾಲ್ಫ್‌ನಲ್ಲಿ ಸ್ಲೈಸ್ (ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗುವ ದೋಷ) ತಪ್ಪಿಸಲು ಎಷ್ಟು ಎಡಕ್ಕೆ ಬೀಸಿದರೂ ಚೆಂಡು ಬಲಕ್ಕೇ ಬಾಗುತ್ತದೆ, ಏನು ಮಾಡಲಿ ಸರ್?’ ಎಂದು ಬೆಳಗಾವಿಯ ಓದುಗರೊಬ್ಬರು ಕೇಳಿದ್ದಾರೆ. ಇದೇ ಪ್ರಶ್ನೆಗೆ ಈ ಮಳೆಗಾಲದಲ್ಲಿ ನಾಲ್ಕನೆಯ ಸಲ ಉತ್ತರಿಸುತ್ತಿರುವುದರಿಂದ, ಈ ಬಾರಿ ಬೇರಿನಿಂದಲೇ ಹೇಳುತ್ತೇನೆ.

ಬೀಸಿದ ದಿಕ್ಕಿಗೆ ಚೆಂಡು ಹೊರಟು, ಆಮೇಲೆ ಕ್ಲಬ್ ಫೇಸ್ (ಕೋಲಿನ ತಲೆಯಲ್ಲಿ ಚೆಂಡಿಗೆ ತಾಗುವ ಮುಖ) ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂಬ ನಂಬಿಕೆ ತಪ್ಪು. ದಶಕಗಳ ಕಾಲ ಹೀಗೆಯೇ ಕಲಿಸಿದ್ದರಿಂದ ಅದು ಇಂದಿಗೂ ಬಿಟ್ಟುಹೋಗಿಲ್ಲ. ರಾಡಾರ್‌ನಿಂದ ಅಳೆದಾಗ ತಿಳಿದದ್ದು ಇದಕ್ಕೆ ವಿರುದ್ಧವಾದುದು: ತಾಗುವ ಕ್ಷಣದಲ್ಲಿ ಫೇಸ್ ಎತ್ತ ತಿರುಗಿದೆಯೋ ಬಹುಮಟ್ಟಿಗೆ ಅತ್ತಲೇ ಚೆಂಡು ಹೊರಡುತ್ತದೆ, ಹೊರಡುವ ದಿಕ್ಕಿನಲ್ಲಿ ಫೇಸಿನ ಪಾಲು ದೂರಕ್ಕೆ ಹೊಡೆಯುವ ಡ್ರೈವರ್ ಕೋಲಿನಲ್ಲಿ ಸುಮಾರು ಶೇ. 85, ಲೋಹದ ತೆಳು ತಲೆಯ ಐರನ್ ಕೋಲುಗಳಲ್ಲಿ ಸುಮಾರು ಶೇ. 75. ಬಾಗು ಹುಟ್ಟುವುದು ಫೇಸಿಗೂ ಬೀಸಿನ ದಾರಿಗೂ ಇರುವ ಅಂತರದಿಂದ. ಫೇಸ್ ಗುರಿಗಿಂತ 2 ಡಿಗ್ರಿ ಬಲಕ್ಕೆ, ದಾರಿ 4 ಡಿಗ್ರಿ ಎಡಕ್ಕೆ ಇದ್ದರೆ ಅಂತರ 6 ಡಿಗ್ರಿ. ಫೇಸನ್ನು ಹಾಗೆಯೇ ಬಿಟ್ಟು ಇನ್ನೂ 4 ಡಿಗ್ರಿ ಎಡಕ್ಕೆ ಬೀಸಿದರೆ ಅದು 10 ಆಗುತ್ತದೆ. ಸ್ಲೈಸ್ ಹೆಚ್ಚಿದ್ದು ನಿಮ್ಮ ಪ್ರಯತ್ನದಿಂದಲೇ.

ನನ್ನೊಡನೆ ಅಭ್ಯಾಸ ಮಾಡುವ ನಿವೃತ್ತ ಸುಬೇದಾರರೊಬ್ಬರು ಇದನ್ನು ಒಪ್ಪಿರಲಿಲ್ಲ. ಮಳೆ ನಿಂತ ಮೇಲೆ ಚೆಂಡಿನಿಂದ ಮೂರು ಹೆಜ್ಜೆ ಮುಂದೆ, ಗುರಿಯ ನೇರಕ್ಕೆ, ಕೆಂಪು ಮಣ್ಣಿನಲ್ಲಿ ಬಿದಿರಿನ ಕಡ್ಡಿಯೊಂದನ್ನು ನೆಟ್ಟೆವು. ಅವರು ಎಡಕ್ಕೆ ಬೀಸಿದ ಹತ್ತು ಚೆಂಡುಗಳಲ್ಲಿ ಎಂಟು ಕಡ್ಡಿಯ ಬಲಬದಿಯಿಂದಲೇ ಹೊರಟಾಗ ಅವರು ಸುಮ್ಮನೆ ತಮ್ಮ ಕೈಹಿಡಿತವನ್ನು ನೋಡಿಕೊಂಡರು. ನೋಡಬೇಕಾದ ಜಾಗವೂ ಅದೇ. ಚೆಂಡು ಫೇಸಿಗೆ ತಾಗಿರುವುದು ಸೆಕೆಂಡಿನ ಸುಮಾರು 2,000ದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರವಾದ್ದರಿಂದ, ಅಷ್ಟರಲ್ಲಿ ಮಣಿಕಟ್ಟು ತಿರುಗಿಸಿ ಸರಿಪಡಿಸುವುದು ಯಾರಿಂದಲೂ ಆಗದು. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಒಂದೇ ಗೆಣ್ಣು ಕಾಣುತ್ತಿದ್ದರೆ, ಎರಡು ಮೂರು ಗೆಣ್ಣು ಕಾಣುವವರೆಗೆ ಆ ಕೈಯನ್ನು ಬಲಕ್ಕೆ ಸರಿಸಿ ಹಿಡಿಯಿರಿ. ಕಡ್ಡಿಯನ್ನು ಮಾತ್ರ ನೋಡುತ್ತ ಅರ್ಧ ಬೀಸಿನಲ್ಲಿ ಅಭ್ಯಾಸ ಮಾಡಿರಿ. ಚೆಂಡು ಕಡ್ಡಿಯ ನೇರಕ್ಕೆ ಹೊರಡತೊಡಗಿದ ಮೇಲೆಯೇ ಬೀಸಿನ ದಾರಿಯ ಯೋಚನೆ.

ಯಾರೂ ಕೇಳದಿದ್ದರೂ ಇದನ್ನೂ ಹೇಳಬೇಕು. ಪಾದಗಳಿಗಿಂತ ಚೆಂಡು ಎತ್ತರದಲ್ಲಿರುವ ಇಳಿಜಾರಿನಲ್ಲಿ ನಿಂತಾಗ, ನಿಮ್ಮ ಹಿಡಿತ ಸರಿಯಿದ್ದರೂ ಫೇಸಿನ ಓರೆ (ಅದು ಹಿಂದಕ್ಕೆ ವಾಲಿರುವ ಕೋನ) ತಾನಾಗಿ ಎಡಕ್ಕೆ ಮುಖ ಮಾಡುತ್ತದೆ. ಓರೆ ಹೆಚ್ಚಿರುವ, ಹತ್ತಿರದ ಹೊಡೆತಗಳಿಗೆ ಬಳಸುವ ವೆಜ್ ಕೋಲಿನಲ್ಲಿ ಇದು 5 ಐರನ್‌ಗಿಂತ ಎದ್ದು ಕಾಣುವುದರಿಂದ, ಅಲ್ಲಿ ವೆಜ್ ಹಿಡಿದಾಗ ಕುಳಿಯ ಧ್ವಜದ ಬಲಕ್ಕೆ ಗುರಿಯಿಡಿರಿ.