ಹಿಮಕ್ಕೆ ಬಣ್ಣಾನೇ ಬಳಿದಿಲ್ಲ

ರಾತ್ರಿ ಹೊತ್ತು, ಹಿಮ ಮುಚ್ಚಿದ ಒಂದು ಊರು, ಮೂರೇ ಜನ. ಇಬ್ರು ಬೆನ್ನು ಬಗ್ಗಿಸ್ಕೊಂಡು ದಿಬ್ಬ ಹತ್ತುತಿದಾರೆ, ಇನ್ನೊಬ್ಬ ಅರ್ಧ ಬಿಚ್ಚಿದ ಛತ್ರಿಯೊಳಗೆ ತಲೆ ತೂರಿಸ್ಕೊಂಡು ಕೋಲೂರ್ಕೊಂಡು ಈ ಕಡೆ ಬರ್ತಿದಾನೆ, ಮುಖಾನೇ ಕಾಣಲ್ಲ. ಜಪಾನಿನ ಹಿರೋಶಿಗೆ ಅನ್ನೋ ಕಲಾವಿದ 1833ರ ಆಸುಪಾಸಲ್ಲಿ ಬರೆದ 'ಕಂಬಾರಾ' ಅನ್ನೋ ಮರದಚ್ಚಿನ ಚಿತ್ರ ಇದು. ಎಡೋದಿಂದ, ಅಂದ್ರೆ ಈಗಿನ ಟೋಕಿಯೋದಿಂದ, ಕ್ಯೋಟೋಗೆ ಹೋಗೋ ತೋಕೈಡೋ ದಾರಿಯ ತಂಗುದಾಣಗಳ ಸರಣಿಯದ್ದು.

ನಂಗೆ ತಲೆ ಕೆಡಿಸಿದ್ದು ಆ ಬಿಳಿ. ಪೇಂಟ್ ಇರ್ಬೇಕು ಅನ್ಕೊಂಡಿದ್ದೆ, ನೋಡಿದ್ರೆ ಬರೀ ಕಾಗದ! ಕಾಡು ಚೆರ್ರಿ ಮರದ ಹಲಗೇಲಿ ಹಿಮ ಇರ್ಬೇಕಾದ ಜಾಗಾನ ಕೆತ್ತಿ ತೆಗೆದುಬಿಡ್ತಾರೆ, ಆಮೇಲೆ ಬಣ್ಣ ಸವರಿ ಮೇಲೆ ಕಾಗದ ಇಟ್ಟು ಬಿದಿರಿನ ಸಿಪ್ಪೆ ಸುತ್ತಿದ 'ಬಾರೆನ್' ಅನ್ನೋ ಬಿಲ್ಲೇಲಿ ಉಜ್ಜಿದಾಗ ತಗ್ಗಿರೋ ಕಡೆ ಬಣ್ಣ ತಾಗಲ್ಲ, ಅಷ್ಟೇ. ಬೀಳೋ ಹಿಮದ ಚುಕ್ಕೆ ಬೇಕಾ, ಆಕಾಶದ ಹಲಗೇಲಿ ಸಣ್ಣ ಸಣ್ಣ ಗುಳಿ. ಇದನ್ನೆಲ್ಲ ಕೆತ್ತೋನು, ಅಚ್ಚು ಹಾಕೋನು ಬೇರೆ ಬೇರೆ, ಹಿರೋಶಿಗೆ ಬರೆದುಕೊಡೋದಷ್ಟೇ, ಆದ್ರೂ ಹೆಸರೆಲ್ಲ ಅವನಿಗೇ.

ಮಜಾ ಏನಂದ್ರೆ ಹಿಮ ಬೆಳ್ಳಗಿರೋದೂ ಕಾಗದ ಬೆಳ್ಳಗಿರೋದೂ ಒಂದೇ ಕಾರಣಕ್ಕೆ. ಮಂಜುಗಡ್ಡೆ ತುಂಡು ಗಾಜಿನ ಥರ ಇರುತ್ತಲ್ವಾ, ಅದೇ ನೀರು ಹಿಮದ ಹರಳಾಗಿ ಮಧ್ಯ ಮಧ್ಯ ಗಾಳಿ ಸೇರ್ಕೊಂಡ್ರೆ ಬೆಳಕು ಒಂದೊಂದು ಅಂಚಿಗೂ ಬಡಿದು ತಿರುಗಿ ತಿರುಗಿ ಕೊನೆಗೆ ಎಲ್ಲ ಬಣ್ಣಾನೂ ಹೆಚ್ಚುಕಮ್ಮಿ ಸಮವಾಗಿ ವಾಪಸ್ ಬರುತ್ತೆ, ಕಣ್ಣಿಗೆ ಬಿಳಿ. ಆ ಕಾಗದಾನೂ ಹಾಗೇ, ಹಿಪ್ಪುನೇರಳೆ ಕುಟುಂಬದ್ದೇ ಆದ ಕೋಜೋ ಗಿಡದ ತೊಗಟೆ ನಾರು, ನಾರಿನ ಸಂದೀಲಿ ಗಾಳಿ. ನಂಬಿಕೆ ಬರ್ಲಿಲ್ಲ ಅಂದ್ರೆ ಬೋಂಡಾ ಕಟ್ಟಿಕೊಟ್ಟ ಪೇಪರ್ ನೋಡಿ. ಎಣ್ಣೆ ಇಳಿದ ಜಾಗದಲ್ಲಿ ಹಿಂದಿರೋ ಬೆರಳು ಮಸುಕಾಗಿ ಕಾಣುತ್ತೆ, ಯಾಕಂದ್ರೆ ಗಾಳಿ ಇದ್ದ ಸಂದಿಗೆಲ್ಲ ಎಣ್ಣೆ ಹೊಕ್ಕು ಬೆಳಕು ತಿರುಗೋದು ಕಮ್ಮಿಯಾಯ್ತು.

ಚಿತ್ರ ನೋಡಿದ್ರೆ ಒಂಥರಾ ಸದ್ದೇ ಇಲ್ಲ ಅನ್ಸುತ್ತಲ್ಲ, ಅದಕ್ಕೂ ಆ ಗಾಳಿ ಸಂದೀನೇ ಉತ್ತರ. ಈಗಷ್ಟೇ ಬಿದ್ದ ಹಿಮ ಸದ್ದನ್ನ ನುಂಗುತ್ತೆ.

ಇನ್ನೊಂದು ತಮಾಷೆ, ಕಂಬಾರಾ ಇರೋದು ಸುರುಗಾ ಕೊಲ್ಲಿ ದಂಡೇಲಿ, ಬೆಚ್ಚಗಿರೋ ಕರಾವಳಿ, ಇಷ್ಟು ಹಿಮ ಅಲ್ಲಿ ಅಪರೂಪ. ಕಂಡು ಬರೆದನೋ ಕಲ್ಪಿಸ್ಕೊಂಡನೋ, ನಂಗಂತೂ ಎರಡನೇದೇ ಅನ್ಸುತ್ತೆ. ಅಂತೂ ಹಿಮ ಅಂದ್ರೆ ಕಾಗದಾನೇ ಆಗಿರೋದ್ರಿಂದ ಹಳೇ ಪ್ರತಿಗಳಲ್ಲಿ ಕಾಗದ ಕಂದು ತಿರುಗಿದ ಹಾಗೆ ಊರಿನ ಹಿಮಾನೂ ನಿಧಾನಕ್ಕೆ ಟೀ ಬಣ್ಣಕ್ಕೆ ಬರುತ್ತೆ.