ಯುಟಿಎಂ ಕೊಟ್ಟ ಯೀಲ್ಡ್ ಸ್ಟ್ರೆಂತ್ ಕ್ರ್ಯಾಶ್ ಲೆಕ್ಕಕ್ಕೆ ಸಾಕೇ?

ಪ್ರಶ್ನೆ: ಮೈಲ್ಡ್ ಸ್ಟೀಲ್ ಬ್ರಾಕೆಟ್ ಒಂದರ ಕ್ರ್ಯಾಶ್ ಸಿಮ್ಯುಲೇಶನ್ ಮಾಡುತ್ತಿದ್ದೇನೆ. ಯುಟಿಎಂನಲ್ಲಿ (ಮಾದರಿಯನ್ನು ಎಳೆದು ಪರೀಕ್ಷಿಸುವ ಯಂತ್ರ) ಯೀಲ್ಡ್ ಸ್ಟ್ರೆಂತ್, ಅಂದರೆ ಲೋಹ ಶಾಶ್ವತವಾಗಿ ರೂಪಗೆಡತೊಡಗುವ ಸ್ಟ್ರೆಸ್, 250 ಎಂಪಿಎ (ಮೆಗಾಪಾಸ್ಕಲ್) ಬಂದಿದೆ. ಅದನ್ನೇ ಹಾಕಬಹುದೇ? ಚಾರ್ಪಿ ಇಂಪ್ಯಾಕ್ಟ್ ಟೆಸ್ಟಿನ ರಿಪೋರ್ಟ್ ಕೂಡ ಕೈಯಲ್ಲಿದೆ.

ಉತ್ತರ: ಚಾರ್ಪಿಯನ್ನು ಬದಿಗಿಡಿ. ನಾಚ್ (ಕೊರೆದ ಕಚ್ಚು) ಇರುವ ತುಂಡು ಮುರಿಯಲು ಎಷ್ಟು ಜೂಲ್ ಹಿಡಿಯಿತು ಎಂಬ ಒಂದೇ ಅಂಕಿ ಅದು. ಎರಡು ಉಕ್ಕುಗಳನ್ನು ಹೋಲಿಸಲು, ಚಳಿಯಲ್ಲಿ ಯಾವುದು ಪೆಡಸಾಗುತ್ತದೆಂದು ತಿಳಿಯಲು ಒಳ್ಳೆಯದು. ಅದರಿಂದ ಸಿಮ್ಯುಲೇಶನ್ನಿಗೆ ಬೇಕಾದ ಸ್ಟ್ರೆಸ್-ಸ್ಟ್ರೇನ್ ಕರ್ವ್ (ಎಷ್ಟು ಒತ್ತಡಕ್ಕೆ ಎಷ್ಟು ರೂಪಗೆಡುತ್ತದೆ ಎಂಬ ಗ್ರಾಫ್) ತೆಗೆಯಲಾಗದು.

ಇನ್ನು 250 ಎಂಪಿಎ. ಯುಟಿಎಂನಲ್ಲಿ 50 ಮಿ.ಮೀ. ಗೇಜ್ ಉದ್ದದ ಮಾದರಿಯನ್ನು ನಿಮಿಷಕ್ಕೆ 5 ಮಿ.ಮೀ. ಎಳೆದಿದ್ದರೆ ಸ್ಟ್ರೇನ್ ರೇಟ್, ಅಂದರೆ ಮೂಲ ಉದ್ದದ ಎಷ್ಟು ಪಾಲು ಪ್ರತಿ ಸೆಕೆಂಡಿಗೆ ಬದಲಾಗುತ್ತದೆ ಎಂಬುದು, ಸೆಕೆಂಡಿಗೆ ಸುಮಾರು 0.0017. ಗಂಟೆಗೆ 36 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರಿನಲ್ಲಿ, 100 ಮಿ.ಮೀ. ಉದ್ದದ ಬ್ರಾಕೆಟ್ ನಜ್ಜುಗುಜ್ಜಾದರೆ ಅದು ಸೆಕೆಂಡಿಗೆ 100ರ ಆಸುಪಾಸು. ಅರವತ್ತು ಸಾವಿರ ಪಟ್ಟು! ಉಕ್ಕು ರೂಪಗೆಡುವುದು ಅದರೊಳಗಿನ ಡಿಸ್‌ಲೊಕೇಶನ್‌ಗಳು (ಹರಳಿನ ಜೋಡಣೆಯ ದೋಷಗಳು) ಸರಿದಾಗ; ಅವು ಅಡೆತಡೆ ದಾಟಲು ಪರಮಾಣುಗಳ ಉಷ್ಣಕಂಪನದ ನೆರವು ಬೇಕು, ಆ ನೆರವು ಒದಗಲು ಸಮಯ ಬೇಕು. ಸಮಯ ಸಿಗದಿದ್ದಾಗ ಹೆಚ್ಚು ಬಲ ಹಾಕಿಯೇ ದಾಟಿಸಬೇಕು. ಹಾಗಾಗಿ ಯೀಲ್ಡ್ ಏರುತ್ತದೆ.

ಎಷ್ಟು? ಸ್ಟ್ರೇನ್ ರೇಟ್ ಏರಿದಾಗ ಯೀಲ್ಡ್ ಎಷ್ಟು ಪಟ್ಟಾಗುತ್ತದೆಂದು ಹೇಳುವುದು ಕೌಪರ್-ಸೈಮಂಡ್ಸ್ ಸೂತ್ರ; ಮೈಲ್ಡ್ ಸ್ಟೀಲಿಗೆ ಅದರ ರೂಢಿಯ ಸ್ಥಿರಾಂಕಗಳು 40.4 ಮತ್ತು 5. ಸ್ಟ್ರೇನ್ ರೇಟನ್ನು 40.4ರಿಂದ ಭಾಗಿಸಿ, ಐದನೇ ಮೂಲ ತೆಗೆದು, 1 ಕೂಡಿಸಿ: 100ಕ್ಕೆ 2.2 ಬರುತ್ತದೆ. ಅಂದರೆ 550 ಎಂಪಿಎ. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಟ್ರೇನ್ ಹೆಚ್ಚಾದಂತೆ ಈ ಏರಿಕೆ ತಗ್ಗುತ್ತದೆ. ಇಡೀ ಕರ್ವನ್ನು 2.2ರಿಂದ ಗುಣಿಸಿದರೆ ಬ್ರಾಕೆಟ್ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಹೈ ಸ್ಟ್ರೆಂತ್ ಸ್ಟೀಲಿಗಂತೂ ಈ ಸ್ಥಿರಾಂಕಗಳು ಸಲ್ಲವೇ ಸಲ್ಲವು.

ಅಳೆದೇ ನೋಡಬೇಕೆಂದರೆ ಸ್ಪ್ಲಿಟ್ ಹಾಪ್ಕಿನ್ಸನ್ ಬಾರ್ ಇದೆ: ಸರಳಿನಲ್ಲಿ ಓಡುವ ಅಲೆಯಿಂದ ಮಾದರಿಯನ್ನು ಅತಿ ವೇಗವಾಗಿ ರೂಪಗೆಡಿಸುವ ಸಾಧನ. ಬರ್ಟ್ರಮ್ ಹಾಪ್ಕಿನ್ಸನ್ 1914ರಲ್ಲಿ ಬಳಸಿದ ಸರಳನ್ನು ಕೋಲ್ಸ್ಕಿ 1949ರಲ್ಲಿ ಎರಡಾಗಿಸಿ, ನಡುವೆ ಮಾದರಿ ಇಟ್ಟರು. ಉಕ್ಕಿನ ಸರಳಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ, 300 ಮಿ.ಮೀ. ಉದ್ದದ ಸ್ಟ್ರೈಕರ್ (ಹೊಡೆಯುವ ಸರಳು) ಬಡಿದರೆ, ಅಲೆ ಅದರುದ್ದಕ್ಕೂ ಹೋಗಿ ಬರುವಷ್ಟು ಹೊತ್ತು, ಅಂದರೆ 120 ಮೈಕ್ರೊಸೆಕೆಂಡಿನ ಪಲ್ಸ್. ಮಾದರಿಗೆ ತಾಗಿ ಹಿಂದಿರುಗಿದ ಅಲೆಯಿಂದ ಸ್ಟ್ರೇನ್ ರೇಟ್, ದಾಟಿಹೋದ ಅಲೆಯಿಂದ ಸ್ಟ್ರೆಸ್. ಶುರುವಿನ ಕೆಲವು ಮೈಕ್ರೊಸೆಕೆಂಡುಗಳಲ್ಲಿ ಮಾದರಿಯ ಎರಡು ತುದಿಗಳ ಬಲ ಸಮವಾಗಿರುವುದಿಲ್ಲ, ಆದ್ದರಿಂದ ಯಂಗ್ಸ್ ಮಾಡ್ಯುಲಸ್ಸನ್ನು (ಯೀಲ್ಡಿಗೆ ಮುಂಚಿನ ಬಿಗಿತದ ಅಳತೆ) ಈ ಕರ್ವಿನಿಂದ ಓದಬಾರದು. ಲೋಹಗಳಿಗೆ ಯುಟಿಎಂ ಕೊಟ್ಟ ಮಾಡ್ಯುಲಸ್ಸೇ ಸಾಕು. ಪ್ಲಾಸ್ಟಿಕ್ಕಿನ ಕತೆಯೇ ಬೇರೆ, ಅಲ್ಲಿ ಮಾಡ್ಯುಲಸ್ಸೂ ಬದಲಾಗುತ್ತದೆ.

ತಮಾಷೆಯೆಂದರೆ, ನಿಮ್ಮ 100 ಎಂಬುದು ಸಾಮಾನ್ಯ ಯುಟಿಎಂಗೆ ತೀರಾ ವೇಗ, ಹಾಪ್ಕಿನ್ಸನ್ ಬಾರಿಗೆ ನಿಧಾನ. ಹೈ ಸ್ಪೀಡ್ ಸರ್ವೊ-ಹೈಡ್ರಾಲಿಕ್ ಯಂತ್ರ ಬೇಕು. ಅದರಲ್ಲೂ ಲೋಡ್ ಸೆಲ್ (ಬಲ ಅಳೆಯುವ ಭಾಗ) ತಾನೇ ಕಂಪಿಸಿ ಕರ್ವಿಗೆ ಅಲೆಅಲೆಯ ರೂಪ ಕೊಡುತ್ತದೆ, ಅದು ಉಕ್ಕಿನ ಗುಣವಲ್ಲ. ಆ ಯಂತ್ರ ಸಿಗದಿದ್ದರೆ ಬ್ರಾಕೆಟ್ಟಿನ ಮೇಲೆಯೇ ಡ್ರಾಪ್ ವೇಟ್ ಟೆಸ್ಟ್ (ತೂಕ ಬೀಳಿಸಿ ನೋಡುವ ಪರೀಕ್ಷೆ) ಮಾಡಿ. ಬಲ-ಸ್ಥಾನಪಲ್ಲಟದ ಗ್ರಾಫ್ ಸಿಮ್ಯುಲೇಶನ್ನಿಗೆ ಹೊಂದುವವರೆಗೆ ಸ್ಥಿರಾಂಕಗಳನ್ನು ತಿದ್ದಿ, ಆಮೇಲೆ ಬೇರೊಂದು ವೇಗದಲ್ಲಿ ಬೀಳಿಸಿ, ಏನನ್ನೂ ತಿದ್ದದೆ ಹೊಂದುತ್ತದೆಯೇ ನೋಡಿ.